ಉಗುರುಬಣ್ಣದ ಗೆರೆ

ಈ ಬರಹದಲ್ಲಿ ಅಕ್ಕನ ಹೆಸರು ಬರುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಆ ಹೆಸರನ್ನು ನಾನು ಈವರೆಗೆ ಒಂದೇ ಒಂದು ಸಲ ಬರೆದಿದ್ದೇನೆ, ಅದೂ ಬರೆಯಬಾರದ ಜಾಗದಲ್ಲಿ, ಬರೆಯಬಾರದ ಕಾರಣಕ್ಕೆ. ಅದನ್ನು ಅಲ್ಲಿಂದ ಹೊಡೆದುಹಾಕಿಸುವವರೆಗೆ ಇನ್ನೊಂದು ಕಡೆ ಬರೆಯುವ ಯೋಗ್ಯತೆ ನನಗಿಲ್ಲ. ಕೊಡಿಗೇನಹಳ್ಳಿಯ ಕಡೆ ಅವರನ್ನು ಮೋಟ್ರಕ್ಕ ಎನ್ನುತ್ತಿದ್ದರು. ನಾವು ಹ್ಯಾಂಗರಿನಲ್ಲಿ ಬರೀ ಅಕ್ಕ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಹ್ಯಾಂಗರು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಶಿರಾಕ್ಕೂ ಮಧುಗಿರಿಗೂ ನಡುವಿನ ಬಯಲಿನಲ್ಲಿ, ಕಡಲೆಕಾಯಿ ಹೊಲಗಳ ಮಗ್ಗುಲಲ್ಲಿ, ವಿಮಾನ ಓಡಿಸುವುದನ್ನು ಕಲಿಸುವ ಒಂದು ಸಣ್ಣ ಶಾಲೆ ಇತ್ತು. ಒಂದು ಡಾಂಬರು ಪಟ್ಟಿ, ಒಂದು ತಗಡಿನ ಶೆಡ್ಡು, ಅದರೊಳಗೆ ಎರಡು ಪುಟ್ಟ ವಿಮಾನ. ನಿವೃತ್ತ ಪೈಲಟ್ ಒಬ್ಬರು ಅದರ ಮಾಲೀಕರು. ಅವರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ವಿಮಾನಗಳ ರಿಪೇರಿಯನ್ನು ನೋಡಿ ಸಹಿ ಹಾಕುವ ಇಂಜಿನಿಯರು ನಾನು, ಕೊರಟಗೆರೆಯವನು. ಲೈಸೆನ್ಸು ಹೊಸದು, ಧಿಮಾಕು ಅದಕ್ಕಿಂತ ಹೊಸದು.

ಅಕ್ಕ ಮೊದಲು ಬಂದದ್ದು ವಿಮಾನಕ್ಕಲ್ಲ, ಬೋರ್‌ವೆಲ್ಲಿಗೆ. ನಮ್ಮ ಮೋಟರು ಸುಟ್ಟುಹೋಗಿತ್ತು. ಕೊಡಿಗೇನಹಳ್ಳಿಯಲ್ಲಿ ಮೋಟರು ಸುತ್ತುವ ಅಂಗಡಿ ಇದೆ ಎಂದು ಕೇಳಿ ಫೋನು ಮಾಡಿದರೆ, ಅಂಗಡಿಯವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆಯಂತೆ, ಅವರ ಹೆಂಡತಿ ಬಸ್ಸಿಳಿದು ಬಂದರು. ಹಣೆಗೆ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ತಾಮ್ರದ ತಂತಿ. ಪಂಪ್‌ಹೌಸಿನ ನೆರಳಿನಲ್ಲಿ ಕೂತು, ತುಟಿ ಅಲ್ಲಾಡಿಸುತ್ತ ಸುತ್ತು ಎಣಿಸತೊಡಗಿದರು. ಕಂಡವರನ್ನೆಲ್ಲ ಮಾತಾಡಿಸುವ ಚಟ ಕ್ಯಾಪ್ಟನ್ನಿಗೆ. “ಇನ್ನೂ ಎಷ್ಟು ಹೊತ್ತಾಗುತ್ತಮ್ಮ?” ಎಂದರು. ಅಕ್ಕ ಎಣಿಸುತ್ತಲೇ ಇದ್ದರು. ಇನ್ನೊಮ್ಮೆ ಜೋರಾಗಿ ಕೇಳಿದರು. ಅಕ್ಕ ಕೈ ನಿಲ್ಲಿಸಿದರು, ಸುತ್ತಿದ್ದನ್ನೆಲ್ಲ ಮೆಲ್ಲಗೆ ಬಿಚ್ಚಿದರು.

“ಈಗ ಮೊದ್ಲಿಂದ ಸುತ್ಬೇಕು. ಅದ್ಕೇ ಅರ್ಧ ಗಂಟೆ ಜಾಸ್ತಿ ಆಗ್ತೈತೆ ಸಾಮಿ,” ಎಂದರು.

ಕ್ಯಾಪ್ಟನ್ ಬಿದ್ದು ಬಿದ್ದು ನಕ್ಕರು. ಮುಂದಿನ ವಾರವೇ ಅವರನ್ನು ವೈರಿಂಗ್ ಕೆಲಸಕ್ಕೆ ಸೇರಿಸಿಕೊಂಡರು. ಎಣಿಸುವಾಗ ಅವರನ್ನು ಮಾತಾಡಿಸುವ ಹಾಗಿಲ್ಲ ಎಂಬುದು ಅಲ್ಲಿಂದ ಹ್ಯಾಂಗರಿನ ಕಾನೂನಾಯಿತು. ಎಷ್ಟಕ್ಕೆ ನಿಂತಿತ್ತು ಎಂದು ಗೊತ್ತಿದ್ದರೂ ಬಿಚ್ಚುತ್ತಿದ್ದರು. ನೆನಪಿತ್ತಲ್ಲ, ಯಾಕೆ ಬಿಚ್ಚಿದಿರಿ ಎಂದು ನಾನೊಮ್ಮೆ ಕೇಳಿದೆ.

“ನೆನಪಿತ್ತು ಕಣಪ್ಪ. ಒಂಚೂರು ಅನುಮಾನಾನೂ ಇತ್ತಲ್ಲ. ಅನುಮಾನ ಒಳಗಿಟ್ಟು ಮುಚ್ಬುಟ್ರೆ, ಮೋಟ್ರು ಬೋರ್ ತಳಕ್ಕೆ ಹೋದ್ಮೇಲೆ ಯಾರು ಬಿಚ್ಚಿ ನೋಡ್ತಾರೆ?”

ವಿಮಾನದ ಹೊಟ್ಟೆಯನ್ನು ಮೊದಲ ಸಲ ತೆರೆದು ತೋರಿಸಿದಾಗ ಅವರು ಗಾಬರಿಯಾಗಲಿಲ್ಲ, ನಕ್ಕರು. “ಇಷ್ಟೇನಾ? ಇದನ್ನ ನಂಬ್ಕಂಡು ಮೇಲಕ್ಕೆ ಹೋಗ್ತೀರಾ? ನಮ್ಮೂರ ಲಗೇಜ್ ಆಟೋಗೆ ಇದಕ್ಕಿಂತ ದಪ್ಪ ವೈರ್ ಹಾಕಿರ್ತಾರೆ ಬುಡು.” ನನ್ನನ್ನು ಅವರು ಕರೆಯುತ್ತಿದ್ದುದು ಇಂಜಿನೀರಪ್ಪ ಎಂದು. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಕೊನೆಗೂ ನನಗೆ ಬಗೆಹರಿಯಲಿಲ್ಲ.

ಅವರು ಬಂದು ವರ್ಷದೊಳಗೆ ಕ್ಯಾಪ್ಟನ್ ಒಂದು ತೀರ್ಮಾನ ಮಾಡಿದರು. ನಮ್ಮ ವಿಮಾನಗಳು ಹಗಲಿಗೆ ಮಾತ್ರ ಆಗುವಂಥವು. ಆದರೆ ಪೈಲಟ್ ಆಗುವವರು ಕತ್ತಲಲ್ಲೂ ಇಷ್ಟು ಗಂಟೆ ಹಾರಿರಬೇಕೆಂಬ ನಿಯಮವಿದೆ. ನಮ್ಮ ವಿದ್ಯಾರ್ಥಿಗಳು ಅದಕ್ಕಾಗಿ ಬೇರೆ ರಾಜ್ಯಕ್ಕೆ ಹೋಗಬೇಕಿತ್ತು. ಒಂದು ವಿಮಾನವನ್ನಾದರೂ ರಾತ್ರಿ ಹಾರಾಟಕ್ಕೆ ಸಜ್ಜು ಮಾಡೋಣ ಎಂದರು. ಸಾಮಾನು ಪೆಟ್ಟಿಗೆಗಳಲ್ಲಿ ಬಂತು. ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ದೂರಕ್ಕೆ ಕಾಣಲೆಂದು ಮಿಣಮಿಣ ಹೊಡೆಯುವುದೊಂದು. ಇಳಿಯುವಾಗ ನೆಲ ಕಾಣಲು ಮೂತಿಯ ಬಳಿ ದೊಡ್ಡದೊಂದು. ಒಳಗೆ ಮೀಟರುಗಳಿಗೆಲ್ಲ ಕಡಲೆಕಾಳಿನಷ್ಟು ಪುಟ್ಟ ದೀಪಗಳು. ಸಹಿ ನನ್ನದು, ಕೈ ಅಕ್ಕನದು.

ಕಾರಣ ತಿಳಿಯದೆ ಅವರು ಒಂದು ತಂತಿಯನ್ನೂ ಎಳೆಯುತ್ತಿರಲಿಲ್ಲ. ಎಡಕ್ಕೇ ಯಾಕೆ ಕೆಂಪು ಎಂದರು. ಎದುರಿಗೆ ಬರುವ ವಿಮಾನದವನಿಗೆ ನಾವು ಯಾವ ಕಡೆ ಹೋಗುತ್ತಿದ್ದೇವೆಂದು ಬಣ್ಣ ನೋಡಿದರೆ ತಿಳಿಯುತ್ತದೆ ಎಂದೆ.

“ಅಂದ್ರೆ ನಾನು ಇಂಥಾ ಕಡೆ ಹೊಂಟಿದೀನಿ ಅಂತ ಎದುರಿನೋನಿಗೆ ನಾವೇ ಹೇಳ್ಕಂಡು ಹೋಗೋದು. ಒಳ್ಳೇದಪ್ಪ. ಮನುಷ್ಯರಿಗೂ ಒಂದೊಂದು ಹಾಕ್ಬೇಕಿತ್ತು,” ಎಂದರು. ಆಗ ನಾನೂ ನಕ್ಕಿದ್ದೆ.

ಒಳಗಿನ ದೀಪಗಳದೇ ತಕರಾರು. ಬೆಳಕು ಹೆಚ್ಚಾದರೆ ಗಾಜಿನಲ್ಲಿ ಪ್ರತಿಬಿಂಬ ಬಿದ್ದು ಹೊರಗಿನದು ಕಾಣದು, ಕಡಿಮೆಯಾದರೆ ಮುಳ್ಳು ಕಾಣದು. ಇದನ್ನು ಹಗಲಲ್ಲಿ ಹೇಗೆ ನೋಡುವುದು? ಮಾರನೆಯ ದಿನ ಅಕ್ಕ ಮನೆಯಿಂದ ಎರಡು ಕರೀ ಕಂಬಳಿ ಹೊತ್ತುಕೊಂಡು ಬಂದರು. ವಿಮಾನದ ಗಾಜಿನ ಮೇಲೆಲ್ಲ ಹೊದಿಸಿ, ಸಂದಿಗಳಿಗೆ ಬಟ್ಟೆ ತುರುಕಿ, ನಡು ಮಧ್ಯಾಹ್ನ ನನ್ನನ್ನು ಒಳಗೆ ಕೂರಿಸಿದರು. ಕುರಿ ವಾಸನೆ, ಬೆವರು, ಕಣ್ಣಿಗೆ ಕೈ ಕಾಣದ ಕತ್ತಲು. “ಈಗ ದೀಪ ತಿರುಗ್ಸು, ಇಂಜಿನೀರಪ್ಪ,” ಎಂದು ಹೊರಗಿನಿಂದ ಕೂಗು. ಮೂರು ದಿನ ಹಾಗೆ ಬೆಂದಮೇಲೆ ಬೆಳಕು ಹದಕ್ಕೆ ಬಂತು.

ಅಷ್ಟಕ್ಕೇ ಬಿಡಲಿಲ್ಲ. ಪಾವಗಡದ ಕಡೆಯ ನಮ್ಮ ಅಡುಗೆಯವನನ್ನು ಹಿಡಿದು ತಂದರು. “ಏಮಕ್ಕಾ, ನನ್ನ ಮೇಲಕ್ಕೆ ಕಳಿಸ್ತೀಯಾ ಏಂದಿ?” ಎಂದು ಅವನು ತೆಲುಗು ಬೆರೆಸಿ ಕೊಸರಾಡಿದ. ಕಂಬಳಿಯೊಳಗೆ ಕೂರಿಸಿ, ದೀಪ ಆರಿಸಿ, “ಟಾರ್ಚ್ ತಗಿ, ಬೇಗ!” ಎಂದು ಗದರಿದರು. ಅವನ ಕೈ ಟಾರ್ಚ್ ಇಡುವ ಬಾಗಿಲ ಚೀಲಕ್ಕೆ ಹೋಗಲಿಲ್ಲ, ಮಂಡಿಗಳ ನಡುವೆ ಸೀಟಿನ ಅಂಚಿಗೆ ಹೋಯಿತು. ಆಮೇಲೆ ಕಾವಲಿನವನನ್ನು ಕೂರಿಸಿದರು, ಅವನದೂ ಅಲ್ಲಿಗೇ. ಅಕ್ಕ ಅಲ್ಲೇ ಒಂದು ಟಾರ್ಚನ್ನು ಲಾಡಿದಾರದಲ್ಲಿ ಕಟ್ಟಿದರು. ನಿಯಮದ ಪುಸ್ತಕದ ಪ್ರಕಾರ ಅದು ಬಾಗಿಲ ಚೀಲದಲ್ಲಿರಬೇಕು ಎಂದೆ.

“ಬುಕ್ ಬರ್ದೋನು ಕತ್ತಲಾಗೆ ಕೂತು ಬರ್ದವ್ನಾ? ಬೆಳಕಿದ್ದಾಗ ಕೈ ನಾವು ಹೇಳ್ದಂಗೆ ಕೇಳ್ತೈತೆ. ಹೆದರ್ಕಂಡಾಗ ಅದು ಹೋಗೋ ಕಡೆಗೇ ಹೋಗ್ತೈತೆ. ಸಾಮಾನು ಅಲ್ಲೇ ಇರ್ಬೇಕು.”

ಕೊನೆಗೆ ಚೀಲದಲ್ಲಿ ಒಂದು, ಅಕ್ಕನ ಜಾಗದಲ್ಲಿ ಒಂದು ಎಂದು ರಾಜಿಯಾಯಿತು.

ಇನ್ನು ಉಗುರುಬಣ್ಣ. ಕೊಡಿಗೇನಹಳ್ಳಿಯ ಫ್ಯಾನ್ಸಿ ಸ್ಟೋರಿನಿಂದ ತಂದ ಕೆಂಪು ಉಗುರುಬಣ್ಣದ ಸೀಸೆಯೊಂದು ಸದಾ ಅವರ ಸಾಮಾನು ಪೆಟ್ಟಿಗೆಯಲ್ಲಿರುತ್ತಿತ್ತು. ಮೋಟರಿನ ವಾರ್ನಿಷ್ ಕುಡಿದು ಕಪ್ಪಾಗಿದ್ದ ತಮ್ಮ ಉಗುರಿಗೆ ಅವರೆಂದೂ ಅದನ್ನು ಹಚ್ಚಿದವರಲ್ಲ. ಮೀಟರುಗಳಿರುವ ಹಲಗೆಯನ್ನು ಮುಚ್ಚಿದ ಮೇಲೆ ಒಂದೊಂದು ಸ್ಕ್ರೂವಿನ ತಲೆಯಿಂದ ಹಲಗೆಯವರೆಗೆ ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದರು. ಯಾರಾದರೂ ಬಿಚ್ಚಿದರೆ ಗೆರೆ ಒಡೆಯುತ್ತದೆ. ಗೆರೆ ಒಡೆದಿದ್ದರೆ ಒಳಗಿನದನ್ನೆಲ್ಲ ಮತ್ತೆ ಮುಟ್ಟಿ ನೋಡಬೇಕು, ಮತ್ತೆ ಕಂಬಳಿ ಹೊದಿಸಬೇಕು. ಅದಕ್ಕೆ ವಿನಾಯಿತಿ ಇರಲಿಲ್ಲ. ಕ್ಯಾಪ್ಟನ್ ಬಿಚ್ಚಿದರೂ ಕಂಬಳಿಯೇ.

ಪ್ರತಿ ವಿಮಾನಕ್ಕೂ ಒಂದು ಪುಸ್ತಕವಿರುತ್ತದೆ. ಏನು ಕೆಲಸವಾಯಿತು, ಯಾರು ಮಾಡಿದರು, ಯಾರು ನೋಡಿ ಒಪ್ಪಿದರು ಎಂದು ಅದರಲ್ಲಿ ಬರೆಯಬೇಕು. ನೋಡಿ ಒಪ್ಪುವವನು ಲೈಸೆನ್ಸಿನವನೇ ಆಗಬೇಕು. ಮಾಡಿದವರ ಕಡೆ ಮಾತ್ರ ಅಕ್ಕನ ಹೆಸರು ಬರೆಯಬಹುದಿತ್ತು. ಬರೆಯಲೇಬೇಕಿತ್ತು. ನಾನು ಎರಡೂ ಕಡೆ ನನ್ನದನ್ನೇ ಬರೆಯುತ್ತಿದ್ದೆ.

ಒಂದು ದಿನ ಅವರು ಕೇಳಿದರು. “ಇಂಜಿನೀರಪ್ಪ, ಕೆಲ್ಸ ಮಾಡ್ದೋರ ಹೆಸ್ರು ಇದ್ರಾಗೆ ಬರೀತಾರಂತಲ್ಲ. ನಂದೂ ಒಂದ್ಕಡೆ ಬರಿ. ಇಷ್ಟು ವರ್ಷ ಮೋಟ್ರು ಸುತ್ತಿದೀನಿ, ಎಲ್ಲಾನೂ ನೀರೊಳಗೆ. ಒಂದ್ರಾಗೂ ನನ್ ಹೆಸ್ರಿಲ್ಲ.”

“ಆಗಲಿ ಅಕ್ಕ, ಮುಂದಿನ ಸಲ,” ಎಂದೆ.

ಆ ಮುಂದಿನ ಸಲ ಬರಲೇ ಇಲ್ಲ. ಏಳನೇ ತರಗತಿ ಓದಿದ, ಬೋರ್‌ವೆಲ್ ಮೋಟರು ಸುತ್ತುವ ಹೆಂಗಸು ಇದನ್ನೆಲ್ಲ ಮಾಡಿದ್ದು ಎಂದು ಗೊತ್ತಾದರೆ ನಾನು ಓದಿದ್ದಕ್ಕೆ ಏನು ಬೆಲೆ ಎಂಬ ಹೊಟ್ಟೆಕಿಚ್ಚು. ಬೇರೆ ಕಾರಣವೇ ಇರಲಿಲ್ಲ.

ವಿಮಾನವನ್ನು ಪರೀಕ್ಷಿಸಿ ಒಪ್ಪಿಗೆ ಕೊಡಲು ಅಧಿಕಾರಿ ಬರುವ ದಿನ ಕಂಬಳಿಗಳನ್ನು ಡ್ರಮ್ಮಿನ ಹಿಂದೆ ಬಿಸಾಡಿದೆ. ಅಕ್ಕನಿಗೆ, “ಇವತ್ತು ಅಡುಗೆಮನೆ ಕಡೆ ಇರಿ, ಜಾಸ್ತಿ ಜನ ಇದ್ದರೆ ಅವರಿಗೆ ಆಗಲ್ಲ,” ಎಂದೆ. ಅವರು ಹೋಗಿ ಈರುಳ್ಳಿ ಹೆಚ್ಚುತ್ತ ಕೂತರು. ಅಧಿಕಾರಿ ವಿಮಾನದೊಳಗೆ ಕೂತು ಕಾಲ ಬಳಿ ಕೈ ಬಿಟ್ಟವರೇ ಟಾರ್ಚು ಸಿಕ್ಕಿ ಖುಷಿಯಾದರು. ಈ ಯೋಚನೆ ಯಾರದು ಎಂದು ಕೇಳಿದರು.

“ನಂದೇ ಸಾರ್.”

ಅವರ ಕಾರು ಗೇಟು ದಾಟುತ್ತಲೇ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದರು. “ಪಾಸಾ?” ಎಂದರು. ಪಾಸು ಎಂದೆ. “ಟಾರ್ಚ್ ನೋಡುದ್ರಾ? ಏನಂದ್ರು?” ಎಂದು ಕೇಳಿದರು. ಚೆನ್ನಾಗಿದೆ ಅಂದರು ಎಂದೆ. ಆ ದಿನವೆಲ್ಲ ಅವರ ಮುಖ ನೋಡಲು ನನಗಾಗಲಿಲ್ಲ, ಅಷ್ಟು ಸಂತೋಷವಿತ್ತು ಅದರಲ್ಲಿ.

ಆಮೇಲಿನದನ್ನು ಹೇಳಲು ಕಷ್ಟ. ಆದರೂ ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ.

ಬೇಸಿಗೆಯ ಒಂದು ಬೆಳಗ್ಗೆ ಎಂಜಿನ್ ಓಡಿಸಿ ನೋಡುವಾಗ ಹೆಡ್‌ಫೋನಿನಲ್ಲಿ ಗುಂಯ್ ಎಂಬ ಸದ್ದು ಬಂತು. ಒಳಗೆ ನಾನೊಬ್ಬನೇ ಇದ್ದೆ. ಅಕ್ಕ ಊಟಕ್ಕೆ ಹೋದಾಗ ಹಲಗೆ ಬಿಚ್ಚಿದೆ. ದೀಪಗಳ, ರೇಡಿಯೋದ ಅರ್ತ್ ತಂತಿಗಳೆಲ್ಲ ಒಂದೇ ಬೋಲ್ಟಿಗೆ ಬಂದು ಸೇರುತ್ತವೆ, ಅದು ಸಡಿಲವಾದರೆ ಎಲ್ಲವೂ ಒಟ್ಟಿಗೆ ಸಾಯುತ್ತವೆ. ರೇಡಿಯೋದ ತಂತಿಯ ತುದಿ ಉಜ್ಜಿ ಮತ್ತೆ ಅಲ್ಲೇ ಹಾಕಲೆಂದು ಆ ನಟ್ಟು ಬಿಚ್ಚಿದೆ, ಕೆಲಸ ಮುಗಿಸಿ ನಟ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದೆ. ಬಿಗಿ ಮಾಡಲು ಪಾನ, ಅಂದರೆ ಸ್ಪ್ಯಾನರು, ತರಲು ಎದ್ದೆ. ಅಷ್ಟರಲ್ಲಿ ಕ್ಯಾಪ್ಟನ್ ಆಫೀಸಿಗೆ ಕರೆದರು. ಹಿಂದಿರುಗುವಷ್ಟರಲ್ಲಿ ಬಿಗಿ ಮಾಡಿದ್ದೇನೆ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಲಗೆ ಮುಚ್ಚಿದೆ. ಗೆರೆಗಳು ಒಡೆದಿದ್ದವು. ಅಕ್ಕ ನೋಡಿದರೆ ಕಂಬಳಿ ತರುತ್ತಾರೆ, ಆ ಬಿಸಿಲಲ್ಲಿ ಮತ್ತೆ ಒಂದು ಗಂಟೆ ಬೇಯಬೇಕು. ಥಿನ್ನರಿನಲ್ಲಿ ಹಳೆಯ ಗೆರೆ ಒರೆಸಿದೆ. ಅವರ ಪೆಟ್ಟಿಗೆಯಿಂದ ಸೀಸೆ ತೆಗೆದು ಹೊಸ ಗೆರೆ ಎಳೆದೆ. ಬಹಳ ಚೆನ್ನಾಗಿಯೇ ಬಂದವು.

ಊಟ ಮುಗಿಸಿ ಬಂದ ಅಕ್ಕ ಮೂಗರಳಿಸಿದರು. “ಏನೋ ಥಿನ್ನರ್ ವಾಸ್ನೆ. ಹಲಗೆ ಬಿಚ್ಚಿದ್ಯೇನಪ್ಪ?”

“ಇಲ್ಲಕ್ಕ. ಗಾಜು ಒರೆಸಿದೆ.”

ಅವರು ಗೆರೆ ನೋಡಿದರು. ಸರಿಯಾಗಿತ್ತು. ಹೊರಟುಹೋದರು.

ಆ ಸಂಜೆ ಹಾರಾಟ ಕಲಿಸುತ್ತಿದ್ದ ಶಿರಾದ ಹುಡುಗಿ ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಮೇಲೇರಿದ್ದಳು. ಅಕ್ಕನೂ ನಾನೂ ಆಗಲೇ ಮನೆಗೆ ಹೋಗಿದ್ದೆವು, ಏನಾಯಿತೆಂದು ನಮಗೆ ಗೊತ್ತಾದದ್ದು ಮಾರನೆಯ ಬೆಳಗ್ಗೆ ಅವಳು ಹೇಳಿದಾಗ. ಕತ್ತಲಾದ ಮೇಲೆ ಒಳಗಿನ ದೀಪ ಮಿಟುಕಿ ಆರಿದವು, ಹೊರಗಿನವೂ ಆರಿದವು, ರೇಡಿಯೋ ಸತ್ತಿತು. ಎಂಜಿನ್ನಿಗೆ ಬ್ಯಾಟರಿಯ ಹಂಗಿಲ್ಲ, ಅದು ಓಡುತ್ತಲೇ ಇತ್ತು. ವೇಗ ಎಷ್ಟು, ಎತ್ತರ ಎಷ್ಟು ಎಂದು ನೋಡಲು ಬೆಳಕಿಲ್ಲ. “ಕೈ ತಾನಾಗೇ ಕೆಳಗೆ ಹೋಯ್ತು, ಟಾರ್ಚ್ ಅಲ್ಲೇ ಇತ್ತು,” ಎಂದಳು. ಅದನ್ನು ಹಲ್ಲಲ್ಲಿ ಕಚ್ಚಿ ಮೀಟರಿಗೆ ಬೆಳಕು ಹಿಡಿದು, ಪಟ್ಟಿಯ ಅಂಚಿನ ದೀಪಗಳ ನಡುವೆ ಇಳಿಸಿದಳಂತೆ. “ಅಲ್ಲಾನ ದಯೆ, ಅಕ್ಕನ ಟಾರ್ಚು.”

ಕ್ಯಾಪ್ಟನ್, ಅಕ್ಕ, ನಾನು ಮೂವರೂ ಹಲಗೆಯ ಮುಂದೆ ನಿಂತೆವು. ಅಕ್ಕ ಮೊದಲು ಗೆರೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. “ನನ್ ಗೆರೆ ಅಂಗೇ ಐತೆ. ಯಾರೂ ಮುಟ್ಟಿಲ್ಲ,” ಎಂದರು. ನಾನು ಬಿಚ್ಚಿದೆ. ನಟ್ಟು ಬೆರಳಿಗೇ ತಿರುಗಿತು. ಆ ಕ್ಷಣಕ್ಕೆ ನನಗೆ ಎಲ್ಲ ನೆನಪಾಯಿತು, ಪಾನ ತರಲು ಎದ್ದದ್ದು, ತರದೇ ಹೋದದ್ದು. ಲೈಸೆನ್ಸು ಹೋಗುತ್ತದೆ ಎಂಬುದೊಂದೇ ತಲೆಯಲ್ಲಿ.

ಅಕ್ಕ ಆ ನಟ್ಟನ್ನು ತಾವೂ ಬೆರಳಲ್ಲಿ ತಿರುಗಿಸಿ ನೋಡಿದರು. ಆಮೇಲೆ ಅಂದರು, “ಅಂಗಾದ್ರೆ ನಂದೇ ತಪ್ಪು. ನಾನೇ ಬಿಗಿ ಮಾಡಿಲ್ಲ.”

ನಾನು ಬಾಯಿ ಬಿಡಬೇಕಿದ್ದದ್ದು ಅಲ್ಲಿ. ಬಿಡಲಿಲ್ಲ. ಕ್ಯಾಪ್ಟನ್ ಪುಸ್ತಕದಲ್ಲಿ ದಾಖಲಿಸು ಎಂದರು. ನಟ್ಟು ಅಳವಡಿಸುವಾಗಲೇ ಸಡಿಲ ಉಳಿದಿತ್ತು ಎಂದು ಬರೆದು, ಮಾಡಿದವರು ಎಂಬಲ್ಲಿ ಅಕ್ಕನ ಹೆಸರನ್ನು ಅಪ್ಪನ ಹೆಸರಿನ ಅಕ್ಷರದೊಂದಿಗೆ ಪೂರ್ತಿಯಾಗಿ ಬರೆದೆ. ಅವರು ಪಕ್ಕದಲ್ಲೇ ನಿಂತಿದ್ದರು.

“ನನ್ ಹೆಸ್ರು ಬರ್ದ್ಯಾ?”

“ಹೂಂ ಅಕ್ಕ.”

“ಬರೀಬೇಕಾದ್ದೇ,” ಎಂದರು. ಶಿರಾದ ಹುಡುಗಿಯ ಬಳಿ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡು ನಿಂತರು. ಕೆಲಸ ಬಿಟ್ಟು ಹೋಗಿ ಎಂದು ಯಾರೂ ಅನ್ನಲಿಲ್ಲ, ಹೋಗಬೇಡಿ ಎಂದು ಕ್ಯಾಪ್ಟನ್ ಅಂದರೂ ಅಕ್ಕ ಕೇಳಲಿಲ್ಲ. ಕಂಬಳಿ ಮಡಚಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು. ಹೋಗುವ ಮುಂಚೆ ಉಗುರುಬಣ್ಣದ ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟರು. “ನೀನಿಟ್ಕ. ನನ್ ಕೈ ಇನ್ನು ನಂಬಂಗಿಲ್ಲ.”

ಅದಾಗಿ ನಾಲ್ಕು ವರ್ಷ. ಶಾಲೆ ಮುಚ್ಚಿತು, ನಾನು ದೊಡ್ಡ ವಿಮಾನಗಳ ಕೆಲಸಕ್ಕೆ ಸೇರಿದೆ, ಸಂಜೆ ಹೊತ್ತು ಶಟಲ್ ಆಡುವ ಮಟ್ಟಿಗೆ ಸುಖವಾಗಿದ್ದೆ. ಕಳೆದ ತಿಂಗಳು ಶಿರಾದ ಹುಡುಗಿಯ ಫೋನು ಬಂತು. ಅವಳೀಗ ಬೇರೆ ರಾಜ್ಯದಲ್ಲಿ ಕಲಿಸುತ್ತಾಳೆ. ನಮ್ಮ ಆ ವಿಮಾನ ಕೈ ಬದಲಾಗಿ ಅಲ್ಲಿಗೇ ಬಂದಿದೆಯಂತೆ, ಜೊತೆಗೆ ಪುಸ್ತಕವೂ. ವಿಮಾನ ಎಲ್ಲಿ ಹೋದರೂ ಪುಸ್ತಕ ಹಿಂದೆ ಹೋಗುತ್ತದೆ.

“ಟಾರ್ಚಿನ ದಾರ ಇನ್ನೂ ಹಾಗೇ ಇದೆ ಸಾರ್. ಪುಸ್ತಕದಲ್ಲಿ ಅಕ್ಕನ ಹೆಸರು ನೋಡಿದೆ. ಆ ದಾರ ಕಟ್ಟಿದ ಕೈ ನಟ್ಟು ಸಡಿಲ ಬಿಡುತ್ತಾ? ನೀವೇ ಹೇಳಿ.”

ಡ್ಯೂಟಿ ಇದೆ ಎಂದು ಫೋನಿಟ್ಟೆ. ಆದರೆ ಆ ಭಾನುವಾರ ಮಧುಗಿರಿಗೆ ಬಂದು ಕೊಡಿಗೇನಹಳ್ಳಿಯ ಬಸ್ಸು ಹತ್ತಿದೆ.

ಮೋಟರು ಸುತ್ತುವ ಅಂಗಡಿಯಿದ್ದ ಕಡೆ ಮೊಬೈಲ್ ಅಂಗಡಿ ಇತ್ತು. ಅಕ್ಕನ ಮನೆ ಅದರ ಹಿಂದಿನ ಬೀದಿಯಲ್ಲೇ ಇತ್ತು. ಅಕ್ಕ ಹಾಲಿಗೆ ಹೋಗಿದ್ದರು. ಜಗಲಿಯಲ್ಲಿ ಕೂತಿದ್ದ ಅವರ ಯಜಮಾನರು ದನಿಯ ಕಡೆ ಮುಖ ತಿರುಗಿಸಿ ಮಾತಾಡಿದರು.

“ನನಗೆ ಕಣ್ ಹೋದಾಗ ಅಂಗಡಿ ನಿಲ್ಲಲಿಲ್ಲ ಸಾಮಿ, ಅವಳ ಕೈ ಇತ್ತು. ಅಲ್ಲಿಂದ ಬಂದ್ಮೇಲೆ ಒಂದು ಮೋಟ್ರೂ ಸುತ್ತಲಿಲ್ಲ. ಯಾರಾನ ತಂದ್ರೆ ನನ್ ಕೈ ಸುಳ್ಳು ಹೇಳ್ತೈತೆ ಅಂತ ವಾಪಸ್ ಕಳಿಸ್ತಾಳೆ. ಬೀಗ ಹಾಕಿದ್ನಾ ಅಂತ ಬಸ್‌ಸ್ಟಾಂಡಿಂದ ತಿರುಗಿ ಬರ್ತಾಳೆ. ಗ್ಯಾಸ್ ಆರ್ಸಿದ್ನಾ ಅಂತ ನನ್ನ ಕೇಳ್ತಾಳೆ. ನಾನು ಕುರುಡ, ನನ್ನ!”

ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಲೈಸೆನ್ಸು ಉಳಿಸಿಕೊಂಡೆ ಎಂದುಕೊಂಡಿದ್ದೆ. ಅದಕ್ಕೆ ಬದಲಾಗಿ ಏನು ಕಿತ್ತುಕೊಂಡಿದ್ದೆ ಎಂಬುದು ಆಗ ಗೊತ್ತಾಯಿತು.

ಅಕ್ಕ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. “ಓ, ಇಂಜಿನೀರಪ್ಪ! ಇದೇನ್ಲಾ ಇಷ್ಟು ದೂರ?” ಎಂದು ಚಾಪೆ ಹಾಕಿದರು. ಕಾಫಿಗೆ ಎದ್ದವರನ್ನು ತಡೆದು ಕೂರಿಸಿ, ಇದ್ದದ್ದನ್ನೆಲ್ಲ ಹೇಳಿದೆ. ಗುಂಯ್ ಸದ್ದು, ನಟ್ಟು, ಥಿನ್ನರು. ಅಧಿಕಾರಿಯ ಮುಂದೆ ಟಾರ್ಚು ನನ್ನದೆಂದದ್ದನ್ನೂ ಹೇಳಿದೆ. ಅವರು ನಡುವೆ ಒಂದೇ ಪ್ರಶ್ನೆ ಕೇಳಿದರು.

“ಗೆರೆ ನೀನು ಎಳ್ದಿದ್ದಾ?”

“ಹೂಂ ಅಕ್ಕ.”

“ನನ್ ತರಾನೇ ಇತ್ತು.” ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದರು. “ನಾಕ್ ವರ್ಷ ಕಣೋ. ನಾಕ್ ವರ್ಷ ಇವನ್ನ ಬೈಕಂಡಿದೀನಿ. ಆ ಹುಡುಗೀನ ಕೊಂದ್ಬುಡ್ತಿದ್ದೆ ಅಂತ ನಿದ್ದೆ ಮಾಡಿಲ್ಲ.” ದನಿ ಏರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಆ ಬುಕ್ಕಾಗೆ ನನ್ ಹೆಸ್ರು ಹೊಡ್ದಾಕು,” ಎಂದರು. “ಒಳ್ಳೇದಕ್ಕೆ ಬರೀಲಿಲ್ಲ ನೀನು. ಇದಕ್ಕೂ ಇರಾದು ಬ್ಯಾಡ.”

ಆ ಪುಸ್ತಕದಲ್ಲಿ ಏನನ್ನೂ ಅಳಿಸುವ ಹಾಗಿಲ್ಲ. ತಪ್ಪಾಗಿ ಬರೆದದ್ದರ ಮೇಲೆ ಕೆಳಗಿನದು ಕಾಣುವಂತೆ ಒಂದೇ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಆ ಶಾಲೆಗೂ, ನನಗೆ ಲೈಸೆನ್ಸು ಕೊಟ್ಟವರಿಗೂ ನಡೆದದ್ದನ್ನೆಲ್ಲ, ಹೆಸರಿನ ಬದಲು ಪುಟದ ಸಂಖ್ಯೆ ಕೊಟ್ಟು, ಬರೆದು ಹೋದ ವಾರ ಅಂಚೆಗೆ ಹಾಕಿದ್ದೇನೆ. ಉತ್ತರ ಬಂದಿಲ್ಲ. ಲೈಸೆನ್ಸು ಹೋಗಬಹುದು. ಭಯವಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ದಿನ ಅಕ್ಕ ಹೊಡ್ದಾಕು ಎಂದವರು ಮತ್ತೆ ನನ್ನ ಕಡೆ ನೋಡಲಿಲ್ಲ. ಪಕ್ಕದ ಮನೆಯವರು ತಂದಿಟ್ಟು, ಬೇಡವೆಂದರೂ ಬಿಟ್ಟುಹೋಗಿದ್ದ ಸುಟ್ಟ ಟೇಬಲ್ ಫ್ಯಾನೊಂದು ಮಂಚದ ಕೆಳಗಿತ್ತು. ಅದನ್ನು ಎಳೆದುಕೊಂಡರು. ಟ್ರಂಕು ತೆಗೆದು ತಾಮ್ರದ ತಂತಿಯ ಉಂಡೆ ಹುಡುಕಿದರು. ಫ್ಯಾನಿನ ಹೊಟ್ಟೆ ಬಿಚ್ಚಿ, ಕರಕಾದ ತಂತಿ ಕಿತ್ತು, ಬಟ್ಟೆಯಲ್ಲಿ ಒರೆಸಿ, ಹೊಸ ತಂತಿಯ ತುದಿ ಸಿಕ್ಕಿಸಿದರು. ತುಟಿ ಅಲ್ಲಾಡತೊಡಗಿತು. ಜಗಲಿಯಲ್ಲಿದ್ದ ಯಜಮಾನರು ತಂತಿ ಜಾರುವ ಸದ್ದಿಗೆ ಕತ್ತು ನಿಮಿರಿಸಿದರು, ಕೆಮ್ಮು ಬಂದರೂ ಬಾಯಿಗೆ ಟವೆಲ್ಲು ಒತ್ತಿಕೊಂಡು ತಡೆದರು.

ನನಗೆ ತಡೆಯಲಾಗಲಿಲ್ಲ. “ಅಕ್ಕ, ನನ್ನನ್ನ ಕ್ಷಮಿಸಿಬಿಡಿ,” ಎಂದೆ.

ಅವರ ಕೈ ನಿಂತಿತು. ತಲೆ ಎತ್ತಲಿಲ್ಲ. ಸುತ್ತಿದ್ದನ್ನೆಲ್ಲ, ಒಂದು ಸುತ್ತೂ ಬಿಡದೆ, ಮೆಲ್ಲಗೆ ಬಿಚ್ಚಿದರು. ತಂತಿಯನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಮೊದಲಿನಿಂದ ಎಣಿಸತೊಡಗಿದರು.

ನಾನು ಎದ್ದು, ಸದ್ದಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.